ನಿಧಾನಕ್ಕೆ ಸಾಲ ಕಟ್ಟೋರು ದಡ್ಡರಾ?

"ತೋಟ ಮಾರಿ ಸಾಲ ತೀರಿಸಿ ಆರಾಮಾಗಿ ಇರೋದಲ್ವಾ?" ಅಂತ ನನ್ನನ್ನ ಎಷ್ಟು ಜನ ಕೇಳಿದಾರೆ ಅಂತ ಲೆಕ್ಕ ಇಡೋದು ಬಿಟ್ಟು ತುಂಬಾ ದಿನ ಆಯ್ತು. ಆಫೀಸಲ್ಲಿ ಕಾಫಿ ಕುಡೀತಾ ಕೇಳ್ತಾರೆ, ಮದುವೆ ಮನೆ ಪಂಕ್ತಿಯಲ್ಲಿ ಹೋಳಿಗೆ ಮುರೀತಾ ಕೇಳ್ತಾರೆ. ಇದು ಬೆಂಗಳೂರಿನ ಪಂಗಡ. ಊರಿನ ಕಡೆ ಇನ್ನೊಂದು ಪಂಗಡ ಇದೆ. "ಎಂತಕ್ಕೆ ಕಟ್ತೀಯೇ ಮಾರಾಯ್ತಿ, ಎಲೆಕ್ಷನ್ ಬಂದ್ರೆ ಮನ್ನಾ ಆಗ್ತದೆ" ಅನ್ನೋರು. ಈ ಎರಡೂ ಪಂಗಡದವರಿಗೆ ನಾನೊಬ್ಬಳು ದಡ್ಡಿ. ತಿಂಗಳು ತಿಂಗಳು ಇಷ್ಟಿಷ್ಟೇ ಕಟ್ತಾ, ಮನೆಯನ್ನೂ ನಡೆಸ್ತಾ, ಇನ್ನೂ ಐದಾರು ವರ್ಷ ಹೀಗೇ ಎಳೀಬೇಕು ಅಂತ ಗೊತ್ತಿದ್ದೂ ಎಳೀತಿರೋಳು. ದಡ್ಡತನ ಯಾರದ್ದು ಅಂತ ಒಂದ್ಸಲ ಲೆಕ್ಕ ಹಾಕಿಯೇ ಬಿಡೋಣ ಅನ್ನಿಸ್ತು.

ಸಿರಿಮನೆ ಅಂದ್ರೆ ನಿಮ್ಮಲ್ಲಿ ಹೆಚ್ಚಿನವರಿಗೆ ಜಲಪಾತ. ಶೃಂಗೇರಿಯಿಂದ ಕಿಗ್ಗಕ್ಕೆ ಬಂದು, ಅಲ್ಲಿಂದ ಮುಂದೆ ಹೋಗಿ, ನೀರಿಗೆ ನಿಂತು ಫೋಟೋ ತೆಗೆಸ್ಕೊಂಡು ವಾಪಸ್ ಹೋಗ್ತೀರಿ. ನಮಗೆ ಅದು ಊರು. ಕಿಗ್ಗದ ಋಷ್ಯಶೃಂಗ ನಮ್ಮ ಕಡೆ ಮಳೆ ದೇವರು. ಮಳೆ ಬಾರದಿದ್ರೂ ಅವನ ಹತ್ರ ಹೋಗ್ತಾರೆ, ನಿಲ್ಲದಿದ್ರೂ ಅವನ ಹತ್ರವೇ. ಹಳದಿ ಎಲೆ ರೋಗಕ್ಕೆ ಮಾತ್ರ ಹೋಗಿ ಕೇಳೋಕೆ ಯಾವ ದೇವರೂ ಸಿಕ್ಕಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕಿನವರಿಗೆ ಈ ರೋಗ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳ್ತೀನಿ. ಅಡಕೆ ಮರದ ಎಲೆ ತುದಿಯಿಂದ ಹಳದಿ ಆಗ್ತಾ ಬರುತ್ತೆ. ಮರದ ತಲೆ ಸಣ್ಣ ಆಗುತ್ತೆ, ಕಾಯಿ ಉದುರುತ್ತೆ, ಉಳಿದ ಕಾಯಿಯ ತಿರುಳು ಕಪ್ಪಾಗುತ್ತೆ. ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು. ಕೇರಳದಲ್ಲಿ ನೂರು ವರ್ಷಕ್ಕೂ ಹಿಂದೆ ಕಾಣಿಸಿದ ರೋಗ, ಇವತ್ತಿಗೂ ವಾಸಿ ಮಾಡೋ ಔಷಧಿ ಇಲ್ಲ. ಮರ ಒಂದೇ ಸಲ ಸತ್ತರೆ ಕಡಿದು ಬೇರೆ ಏನಾದ್ರೂ ಹಾಕಬಹುದಿತ್ತು. ಇದು ಹಾಗಲ್ಲ, ವರ್ಷ ವರ್ಷ ಕಮ್ಮಿ ಕಮ್ಮಿ ಕೊಡ್ತಾ ನಿಂತೇ ಇರುತ್ತೆ. ನಮ್ಮ ಎರಡು ಎಕರೆಯಲ್ಲಿ ಒಂದು ಕಾಲಕ್ಕೆ 16 ಕ್ವಿಂಟಾಲ್ ಅಡಕೆ ಆಗ್ತಿತ್ತು. 9ಕ್ಕೆ ಬಂತು, 7ಕ್ಕೆ ಬಂತು. 2022ರ ಹೊತ್ತಿಗೆ ಎಲೆಚುಕ್ಕೆ ರೋಗವೂ ಜೋರಾದ ಮೇಲೆ 5. ಕೂಲಿ, ಗೊಬ್ಬರ, ಮೈಲುತುತ್ತ ಯಾವುದೂ ಅದೇ ಲೆಕ್ಕದಲ್ಲಿ ಇಳೀಲಿಲ್ಲ.

ಹಾಗಾಗಿ ನಮ್ಮನೆ ಸಾಲ ಜೂಜಾಡಿ ಬಂದದ್ದೂ ಅಲ್ಲ, ಕಾರು ತಗೊಂಡು ಬಂದದ್ದೂ ಅಲ್ಲ. ಹತ್ತು ಹದಿನೈದು ವರ್ಷದಲ್ಲಿ, ಮರ ಹಳದಿ ಆದ ಹಾಗೇ, ನಿಧಾನಕ್ಕೆ ಬಂದದ್ದು. ನಿಧಾನಕ್ಕೆ ಬಂದ ಸಾಲ ನಿಧಾನಕ್ಕೆ ಹೋಗಬಾರದು ಅಂತ ಎಲ್ಲಿ ಬರೆದಿದೆ?

ನನಗೆ ಕೆಲಸ ಸಿಕ್ಕಿದಾಗ ಇದ್ದ ಲೆಕ್ಕ ಇದು. ಸೊಸೈಟಿಯಲ್ಲಿ ಬೆಳೆಸಾಲ 3 ಲಕ್ಷ. ಮಂಡಿಯಲ್ಲಿ ಮುಂದಿನ ಫಸಲಿನ ಮೇಲೆ ತಂದ ಅಡ್ವಾನ್ಸ್ 80 ಸಾವಿರ. ನನ್ನ ಇಂಜಿನಿಯರಿಂಗಿನ ಎಜುಕೇಷನ್ ಲೋನ್ 4 ಲಕ್ಷ. ಇದು ಬಿಟ್ಟು ಅಲ್ಲಿ ಇಲ್ಲಿ ಕೈಸಾಲ, ಅದನ್ನ ಅಪ್ಪಯ್ಯ ಒಂದೇ ಸಲಕ್ಕೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ. (ಎಲ್ಲ ಅಪ್ಪಂದಿರೂ ಹೀಗೇನಾ?)

ತೋಟ ಮಾರೋ ಪಂಗಡದ ಲೆಕ್ಕ ಮೊದಲು ನೋಡೋಣ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳೋರು ಬರ್ತಾರೆ, ಇಲ್ಲ ಅಂತಲ್ಲ. ಆದ್ರೆ ಬರೋರು ಹಳದಿ ಎಲೆಯ ತೋಟ ನೋಡಿ ರೇಟು ಹೇಳ್ತಾರೆ, ಹಳ್ಳದ ನೀರು ನೋಡಿ ಹೋಂಸ್ಟೇ ಪ್ಲಾನ್ ಹಾಕ್ತಾರೆ. ಮಾರಿದೆವು ಅಂತಲೇ ಇಟ್ಕೊಳ್ಳಿ, ಸಾಲ ಎಲ್ಲ ಒಂದೇ ದಿನ ತೀರಿತು. ಮಾರನೇ ದಿನ ಅಪ್ಪಯ್ಯ, ಅಮ್ಮ ಎಲ್ಲಿಗೆ ಹೋಗ್ಬೇಕು? ನನ್ನ ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ? ಎರಡು ಬೆಡ್‌ರೂಮಿನದ್ದಕ್ಕೆ ಹೋದ್ರೆ ಬಾಡಿಗೆಯೇ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಜಾಸ್ತಿ. ಅಂದ್ರೆ ಕಂತು ನಿಲ್ಲಲ್ಲ, ತಗೊಳ್ಳೋರು ಬದಲಾಗ್ತಾರೆ. ಬ್ಯಾಂಕಿನ ಕಂತಿಗಾದ್ರೂ ಕೊನೆ ಅಂತ ಒಂದು ತಾರೀಖು ಇದೆ. ಊರಲ್ಲಿ ಅವರಿಗೆ ಅಕ್ಕಿ, ಕಾಯಿ, ಹಾಲು, ಸೌದೆ, ಸೊಪ್ಪು ತೋಟದ ಆಸುಪಾಸಿನಲ್ಲೇ ಹುಟ್ಟುತ್ತೆ. ಅದನ್ನ ಯಾವ ಎಕ್ಸೆಲ್ ಶೀಟಿನಲ್ಲಿ ಬರೀತೀರಿ?

ಇಲ್ಲಿ ಮೂರನೇ ಪಂಗಡವೂ ಒಂದಿದೆ, ಇವರು ಸ್ವಲ್ಪ ಮೆತ್ತಗೆ ಮಾತಾಡೋರು. "ಮದುವೆ ಆಗಿರೋ ಹುಡುಗಿ ನೀನು, ತವರುಮನೆ ಸಾಲ ನೀನು ಯಾಕೆ ಕಟ್ಬೇಕು?" ಅಂತ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟರು. 2005ರಲ್ಲಿ ಇಡೀ ದೇಶಕ್ಕೆ ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಖಚಿತ ಮಾಡಿತು. ಪಾಲಿನ ವಿಷಯ ಎಲ್ಲರಿಗೂ ಗೊತ್ತು. ಅದೇ ಕಾನೂನಿನ ಅದೇ ಕಲಮಿನಲ್ಲಿ, ಆ ಆಸ್ತಿಯ ಹೊಣೆಗಳೂ ಮಗನಿಗೆ ಇದ್ದಷ್ಟೇ ಮಗಳಿಗೂ ಅಂತ ಇದೆ. ಅದನ್ನ ಓದಿದವರು ಕಮ್ಮಿ. ಪಹಣಿಯಲ್ಲಿ 11ನೇ ಕಾಲಂ ಅಂತ ಒಂದಿರುತ್ತೆ ನೋಡಿ, ಸಾಲದ ಬೋಜ ಬರೆಯೋದು ಅಲ್ಲೇ. 9ನೇ ಕಾಲಮಿನಲ್ಲಿ ಹೆಸರು ಬೇಕು, 11ನೇದು ಬೇಡ ಅಂದ್ರೆ ಹೇಗೆ? ಅದೇ ಮಾತು ನನ್ನ ಚಿಕ್ಕಪ್ಪನ ಮಗನಿಗೆ ಯಾರೂ ಕೇಳಲ್ಲ. ಅವನು ಕಟ್ಟಿದ್ರೆ ಜವಾಬ್ದಾರಿ, ನಾನು ಕಟ್ಟಿದ್ರೆ ಪಾಪ! ನಮ್ಮನೆಯವರು ಈ ವಿಷಯದಲ್ಲಿ ತಲೆ ಹಾಕಲ್ಲ. ಅವರ ತಂಗಿ ಓದಿಗೆ ಅವರು ಕಟ್ತಾರೆ, ನಾನೂ ತಲೆ ಹಾಕಲ್ಲ. ಉಳಿದದ್ದರಲ್ಲಿ ಸಂಸಾರ.

ಈಗ ಮಾರ್ಚ್ ತಿಂಗಳ ನಾಟಕಕ್ಕೆ ಬರೋಣ. ನಿಜ ಹೇಳ್ಬೇಕಂದ್ರೆ ಇದನ್ನ ಹೇಳೋಕೇ ಬರೆಯೋಕೆ ಕೂತದ್ದು.

ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಸೊನ್ನೆ. 3 ಲಕ್ಷದವರೆಗೆ ಇದ್ದದ್ದನ್ನ 2023ರ ಜುಲೈ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಕೇಳೋಕೆ ಎಷ್ಟು ಚಂದ! ಷರತ್ತು ಒಂದೇ, ಗಡುವಿನೊಳಗೆ ಅಸಲು ಪೂರ್ತಿ ಕಟ್ಟಬೇಕು. ಗಡುವು ದಾಟಿದ್ರೆ ಸೊನ್ನೆ ಬಡ್ಡಿಯ ಸೌಲಭ್ಯ ಹೋಯ್ತು, ಮಾಮೂಲಿ ಬಡ್ಡಿ ಬಿತ್ತು, ನೀವು ಸುಸ್ತಿದಾರ. ಗಡುವಿನೊಳಗೆ ಕಟ್ಟಿದ್ರೆ ವಾರ ಹತ್ತು ದಿನದಲ್ಲಿ ಅದೇ 3 ಲಕ್ಷ ಹೊಸ ಸಾಲ ಅಂತ ವಾಪಸ್ ಬರುತ್ತೆ.

ಆ ವಾರ ಹತ್ತು ದಿನಕ್ಕೆ 3 ಲಕ್ಷ ಎಲ್ಲಿಂದ ತರೋದು? ಇಲ್ಲಿ ಕೈಸಾಲ ಕೊಡೋರ ಪ್ರವೇಶ. ಮಾರ್ಚ್ ಬಂದ್ರೆ ಇವರಿಗೆ ಸುಗ್ಗಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ, ಹತ್ತು ದಿನಕ್ಕೆ ಅಂತ ಲೆಕ್ಕ ಇಲ್ಲ, ಒಂದು ತಿಂಗಳು ಅಂದ್ರೆ ಒಂದು ತಿಂಗಳು. 3 ಲಕ್ಷಕ್ಕೆ 9,000 ರೂಪಾಯಿ. ದುಡ್ಡು ಅವರ ಕೈಯಿಂದ ಅಪ್ಪಯ್ಯನ ಕೈಗೆ, ಅಲ್ಲಿಂದ ಸೊಸೈಟಿಗೆ, ಸೊಸೈಟಿಯಿಂದ ಮತ್ತೆ ಅಪ್ಪಯ್ಯನಿಗೆ, ಅಲ್ಲಿಂದ ಮತ್ತೆ ಅವರಿಗೆ. ಒಂದು ಸುತ್ತು ಹೊಡೆದು ಬಂತು, ಅಸಲು ಒಂದು ರೂಪಾಯಿಯೂ ಕಮ್ಮಿ ಆಗ್ಲಿಲ್ಲ, 9,000 ಹೋಯ್ತು. ಸೊನ್ನೆ ಬಡ್ಡಿ ಸಾಲಕ್ಕೆ ವರ್ಷಕ್ಕೆ 9,000 ಬಡ್ಡಿ! ಹೀಗೆ ಎಷ್ಟು ವರ್ಷ ಮಾಡಿದಾರೋ. ನಾನು ಬರೆದ ಕೋಡಿನಲ್ಲಿ ಇಂಥದ್ದಿದ್ರೆ ಟೆಸ್ಟರ್ ಮೊದಲ ದಿನವೇ ಬಗ್ ಹಾಕಿರ್ತಿದ್ದ :-)

ನವೆಂಬರಿನಲ್ಲಿ ಐವತ್ತು ಸಾವಿರ ಕೈಗೆ ಬಂತು, ಕಟ್ಟಿಬಿಡೋಣ ಅಂದ್ರೆ? ಕಟ್ಟಬಹುದು. ಆದ್ರೆ ಮಾರ್ಚಿನಲ್ಲಿ ಉಳಿದ ಎರಡೂವರೆ ಲಕ್ಷ ಹೊಂದಿಸೋಕೆ ಆಗದಿದ್ರೆ ನೀವೂ ಸುಸ್ತಿದಾರ, ಒಂದು ಪೈಸೆ ಕಟ್ಟದವನೂ ಸುಸ್ತಿದಾರ. ಇಷ್ಟಿಷ್ಟೇ ಕಟ್ಟೋನಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಸಂಬಳದವರ ಮನೆಸಾಲಕ್ಕೆ ಇಪ್ಪತ್ತು ವರ್ಷ ತಿಂಗಳ ಕಂತು ಮಾಡಿಕೊಡೋ ಜಗತ್ತು, ವರ್ಷಕ್ಕೊಂದೇ ಸಲ ದುಡ್ಡು ನೋಡೋ ಮನುಷ್ಯನಿಗೆ ಪೂರ್ತಿ ಒಂದೇ ದಿನ ಇಡು ಅನ್ನುತ್ತೆ. ಅಸಲಿನಲ್ಲಿ ಹತ್ತರಲ್ಲೊಂದು ಪಾಲು ಕಟ್ಟಿಸಿಕೊಂಡು ಉಳಿದದ್ದನ್ನ ಹಾಗೇ ಮುಂದಿನ ವರ್ಷಕ್ಕೆ ಬರೆದುಕೊಂಡ್ರೆ ಹತ್ತು ವರ್ಷಕ್ಕೆ ಸಾಲವೇ ಇರಲ್ಲ, ಕೈಸಾಲದವರಿಗೂ ಬೇರೆ ಕಸುಬು. ನಾನು ಕೇಳ್ತಿರೋದು ಮನ್ನಾ ಅಲ್ಲ, ಇಷ್ಟೇ.

ಆ ನಿಯಮ ಬರೋತನಕ ನಾವು ಮಾಡಿಕೊಂಡ ಉಪಾಯ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗಬಹುದು. ಮೊದಲು ಕೈಸಾಲ, ಆಮೇಲೆ ಮಂಡಿ ಅಡ್ವಾನ್ಸ್ ಮುಗಿಸಿದೆವು. ಹೆಚ್ಚು ಬಡ್ಡಿಯದ್ದು ಮೊದಲು, ಇದರಲ್ಲಿ ಏನೂ ಗುಟ್ಟಿಲ್ಲ. ಆಮೇಲೆ ಬೆಳೆಸಾಲವನ್ನ ಪ್ರತಿ ಮಾರ್ಚಿನಲ್ಲಿ ಐವತ್ತೈವತ್ತು ಸಾವಿರ ಕಮ್ಮಿ ಮಾಡ್ತಾ ಬಂದು, ಮೂರು ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ತಂದೆವು. ಯಾಕೆ ಅಲ್ಲಿಗೇ ನಿಲ್ಲಿಸಿದ್ದು ಅಂದ್ರೆ, ಏಪ್ರಿಲ್‌ನಿಂದ ತಿಂಗಳಿಗೆ 12,500 ಆರ್‌ಡಿ ಹಾಕಿದ್ರೆ ಮಾರ್ಚಿಗೆ ಸರಿಯಾಗಿ ಒಂದೂವರೆ ಲಕ್ಷ. ಅದನ್ನೇ ಸೊಸೈಟಿಗೆ ಕಟ್ಟೋದು, ಹೊಸ ಸಾಲ ಬಂದ ಕೂಡಲೇ ತೋಟದ ಖರ್ಚಿಗೆ ಇಡೋದು. ಆರ್‌ಡಿಗೆ ಆರೂವರೆ ಪರ್ಸೆಂಟ್ ಅಂದುಕೊಂಡ್ರೂ ಐದು ಸಾವಿರದ ಹತ್ತಿರ ಬಡ್ಡಿ ನಮಗೇ ಬರುತ್ತೆ. 9,000 ಕೊಡ್ತಿದ್ದ ಮನೆಗೆ 5,000 ಬಂತು. ಸಾಲ ಕಮ್ಮಿ ಮಾಡೋಕೆ ಹೋದಾಗ ಸೊಸೈಟಿಯಲ್ಲಿ ಹೇಳಿದ ಮಾತು ಮಾತ್ರ ಮರೆಯಲ್ಲ: "ಲಿಮಿಟ್ ಕಮ್ಮಿ ಮಾಡ್ಕೋಬೇಡಿ ಭಟ್ರೇ, ನಾಳೆ ಮನ್ನಾ ಬಂದ್ರೆ ನಿಮಗೇ ಲಾಸು." ಸಾಲ ವಸೂಲಿ ಮಾಡಬೇಕಾದ ಮೇಜಿನಿಂದ ಬಂದ ಸಲಹೆ ಇದು!

ಅವರನ್ನ ಬೈಯೋಕೂ ಮನಸ್ಸು ಬರಲ್ಲ. ಇತಿಹಾಸ ಅವರ ಕಡೆಯೇ ಇದೆ. 2008ರಲ್ಲಿ ಕೇಂದ್ರ ಸರ್ಕಾರ ಮನ್ನಾ ಮಾಡಿದಾಗ, 2007ರ ಡಿಸೆಂಬರ್ 31ಕ್ಕೆ ಸುಸ್ತಿಯಾಗಿದ್ದ ಸಾಲ ಅಂತ ಗೆರೆ ಎಳೆದರು. ಕಷ್ಟಪಟ್ಟು ಕಟ್ಟಿದವನಿಗೆ ಏನೂ ಇಲ್ಲ. 2017ರಲ್ಲಿ ರಾಜ್ಯದಲ್ಲಿ ಸಹಕಾರಿ ಸಾಲಕ್ಕೆ 50 ಸಾವಿರ ಮನ್ನಾ. 2018ರ ಜುಲೈನಲ್ಲಿ ಕುಮಾರಸ್ವಾಮಿಯವರ ಬಜೆಟ್ಟಿನಲ್ಲಿ ಸುಸ್ತಿದಾರರಿಗೆ 2 ಲಕ್ಷದವರೆಗೆ, ಸರಿಯಾಗಿ ಕಟ್ಟಿದವರಿಗೆ ಹೆಚ್ಚೆಂದರೆ 25 ಸಾವಿರ. ಅಂದ್ರೆ ಪ್ರಾಮಾಣಿಕತೆಗೆ ಸರ್ಕಾರವೇ ರೇಟು ಹಾಕಿತು, ಎಂಟರಲ್ಲಿ ಒಂದು ಪಾಲು. ಆಮೇಲೆ ನಿಯಮಗಳು ಬದಲಾದವು, ಆ ಪುರಾಣ ಬೇಡ. ನಮ್ಮೂರಲ್ಲಿ ಆಗ ಹೆಂಡತಿ ಬಳೆ ಅಡವಿಟ್ಟು ಗಡುವಿಗೆ ಕಟ್ಟಿದವರು ಇದ್ದರು. ಅವರ ಮುಖ ನೋಡಿದವರಿಗೆ ನಾನು ಹೇಳೋದು ಅರ್ಥ ಆಗುತ್ತೆ.

ಮನ್ನಾ ಯಾರಿಗೂ ಬೇಡ ಅಂತ ನನ್ನ ವಾದ ಅಲ್ಲ. ಪೂರ್ತಿ ತೋಟ ಹೋಗಿ, ಕಟ್ಟೋಕೆ ಮಗಳ ಸಂಬಳವೂ ಇಲ್ಲದ ಮನೆಗಳು ನಮ್ಮ ಮೂರು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಅವರಿಗೆ ಪರಿಹಾರ ಸಿಗಲೇಬೇಕು. ಆದ್ರೆ ಅದನ್ನ ಮರ ನೋಡಿ ಕೊಡಿ ಸ್ವಾಮಿ, ಸುಸ್ತಿಯಾದ ತಾರೀಖು ನೋಡಿ ಅಲ್ಲ. ರೋಗ ಬಂದದ್ದು ತೋಟಕ್ಕೆ, ಸೊಸೈಟಿ ಲೆಡ್ಜರಿಗಲ್ಲ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ಬಂತು, ಒಳ್ಳೇದೇ. ಮನೆ ಬಾಗಿಲಿಗೆ ಬಂದು ಬೈಯೋದು ನಿಲ್ಲಬಹುದು. ಸ್ವಲ್ಪ ಸ್ವಲ್ಪ ಕಟ್ಟೋಕೆ ದಾರಿ ಮಾಡಿಕೊಡೋ ಯೋಚನೆ ಮಾತ್ರ ಯಾರಿಗೂ ಬಂದಂತಿಲ್ಲ.

ಕೊನೆಗೆ ಯೂಟ್ಯೂಬಿನ ಪಂಡಿತರು. "ಸಾಲ ತೀರೋತನಕ ಒಂದು ರೂಪಾಯಿ ಬೇರೆ ಖರ್ಚು ಮಾಡ್ಬೇಡಿ" ಅನ್ನೋರು. ಇವರಲ್ಲಿ ಒಬ್ಬರನ್ನ ಜೂನ್ ತಿಂಗಳಲ್ಲಿ ನಮ್ಮನೆಗೆ ಕರೆದುಕೊಂಡು ಹೋಗಬೇಕು. ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೀಲೇಬೇಕು. ಮೈಲುತುತ್ತ, ಸುಣ್ಣ, ಮರ ಹತ್ತೋರ ಕೂಲಿ, ಕೊಟ್ಟಿಗೆ ಹೆಂಚು, ಎಲ್ಲ ಒಟ್ಟಿಗೇ ಬರುತ್ತೆ. ಅದನ್ನ ಉಳಿಸಿ ಕಂತಿಗೆ ಹಾಕಿದ್ರೆ ಇರೋ 5 ಕ್ವಿಂಟಾಲೂ ಕೊಳೆರೋಗಕ್ಕೆ ಹೋಗುತ್ತೆ. ಮುಂದಿನ ವರ್ಷ ಸಾಲ ಇನ್ನೂ ಜಾಸ್ತಿ. ಅಮ್ಮನ ಕಣ್ಣಿನ ಪೊರೆ ಆಪರೇಷನ್ ಮುಂದೂಡೋಕೆ ಆಗುತ್ತಾ? ಅಡಿಗೆ ಮನೇಲಿ ಎಡವಿ ಬಿದ್ರೆ ಆಸ್ಪತ್ರೆ ಖರ್ಚು ಅದರ ಹತ್ತರಷ್ಟು. ಮನೆ ಖರ್ಚು ಬೇರೆ, ಸಾಲ ತೀರಿಸೋದು ಬೇರೆ ಅಂತ ಗೆರೆ ಎಳೆಯೋದು ಸಂಬಳ ಮಾತ್ರ ಕಂಡವರಿಗೆ ಸುಲಭ.

ನಿಧಾನ ಅಂದ್ರೆ ಕೈಕಟ್ಟಿ ಕೂರೋದೂ ಅಲ್ಲ. ನನ್ನ ಎಜುಕೇಷನ್ ಲೋನ್ 4 ಲಕ್ಷ, 11 ಪರ್ಸೆಂಟ್, ಹತ್ತು ವರ್ಷ ಅಂದ್ರೆ ಕಂತು 5,510 ರೂಪಾಯಿ. ಹತ್ತು ವರ್ಷಕ್ಕೆ ಬಡ್ಡಿಯೇ 2 ಲಕ್ಷ 61 ಸಾವಿರ. ಶುರುವಿನಿಂದ ತಿಂಗಳಿಗೆ 1,340 ರೂಪಾಯಿ ಹೆಚ್ಚು ಕಟ್ಟಿದ್ರೆ ಏಳೇ ವರ್ಷಕ್ಕೆ ಮುಗಿಯುತ್ತೆ, 86 ಸಾವಿರದ ಹತ್ತಿರ ಬಡ್ಡಿ ಉಳಿಯುತ್ತೆ. ಬಡ್ಡಿದರ ಬದಲಾಗೋ ಇಂಥ ಸಾಲಕ್ಕೆ, ಮೊದಲೇ ಕಟ್ಟಿದ್ರೂ ಬ್ಯಾಂಕು ದಂಡ ಹಾಕೋ ಹಾಗಿಲ್ಲ ಅಂತ ಆರ್‌ಬಿಐ 2014ರಲ್ಲೇ ಹೇಳಿದೆ. 1,340 ರೂಪಾಯಿ ಅಂದ್ರೆ ಬೆಂಗಳೂರಲ್ಲಿ ಇಬ್ಬರು ಒಂದ್ಸಲ ಹೊರಗೆ ಊಟಕ್ಕೆ ಹೋಗಿ ಬಂದಷ್ಟು. ನಾನು ಆ ಊಟಕ್ಕೂ ಹೋಗ್ತೀನಿ, ಅದು ಬೇರೆ ವಿಷಯ. ತಿಂಗಳಿಗೆ ನಾಲ್ಕು ಸಲ ಹೋಗಲ್ಲ ಅಷ್ಟೆ.

ಶಿರಸಿ, ಸಾಗರ, ಪುತ್ತೂರಿನ ಕಡೆಯ ಬ್ಲಾಗಿಗರು ಇದನ್ನ ಓದ್ತಿದ್ರೆ ಒಂದು ಮಾತು. ನಿಮ್ಮ ಕಡೆ ಸೊಸೈಟಿಗಳಲ್ಲಿ ಅಸಲನ್ನ ಕಂತಿನಲ್ಲಿ ತಗೊಂಡು ಬಾಕಿಯನ್ನಷ್ಟೇ ಹೊಸದು ಮಾಡೋ ಪದ್ಧತಿ ಎಲ್ಲಾದ್ರೂ ಇದೆಯಾ? ಇದ್ರೆ ವಿವರ ಬರೀರಿ. ಸೆಪ್ಟೆಂಬರಿನಲ್ಲಿ ನಮ್ಮ ಸೊಸೈಟಿಯ ಮಹಾಸಭೆ ಇದೆ. ಅಪ್ಪಯ್ಯ ಎದ್ದು ನಿಂತು ಕೇಳ್ತೀನಿ ಅಂದಿದಾರೆ, ಕೈಯಲ್ಲೊಂದು ಉದಾಹರಣೆ ಇದ್ರೆ ಒಳ್ಳೇದು. ಮೊದಲ ಸಲದ ಔಷಧಿ ಹೊಡೆದಾಯ್ತಂತೆ, ಎರಡನೇದಕ್ಕೆ ಮರ ಹತ್ತೋರು ಈ ಭಾನುವಾರ ಬರ್ತಾರೆ. ಅವರ ಕೂಲಿ ದುಡ್ಡು ಇವತ್ತೇ ಕಳಿಸ್ಬೇಕು.