ಕಾಂತಮಾಪಕಕ್ಕೂ ಮುದ್ರೆ ಬೇಕು

ಸಿಂದಗಿಯ ಪೇಟೆಯಲ್ಲಿ ತೊಗರಿ ತೂಗುವ ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಇರಲೇಬೇಕು. ಆದರೆ ರೈತನ ಹೊಲದಲ್ಲಿ ಭೂಗರ್ಭವನ್ನು ಪರೀಕ್ಷಿಸುವ ಕಾಂತಮಾಪಕ ಯಂತ್ರಕ್ಕೆ ಅಂಥ ಕಟ್ಟಳೆಯಿಲ್ಲ. ತಕ್ಕಡಿ ತಪ್ಪಿದರೆ ಹೋಗುವುದು ಸೇರು ಕಾಳು. ಯಂತ್ರ ತಪ್ಪಿದರೆ ಸಾಲ ತಂದು ತೋಡಿಸಿದ ಕೊಳವೆ ಬಾವಿಯೇ ಬರಿದು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ತಾಲೂಕುಗಳಲ್ಲಿಯೂ ಮುದ್ದೇಬಿಹಾಳದ ಕೆಲಭಾಗದಲ್ಲಿಯೂ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕರಿಗಲ್ಲು. ಈ ಬಗೆಯ ನೆಲದಲ್ಲಿ ಡೈಕ್ ಎಂಬ ಕಲ್ಲಿನ ಗೋಡೆಗಳು ಅಂತರ್ಜಲವನ್ನು ತಡೆಯುವುದುಂಟು, ಬಿರುಕು ಬಿಟ್ಟಲ್ಲಿ ಹರಿಯಗೊಡುವುದೂ ಉಂಟು. ಅವನ್ನು ಕಾಣಲು ಭೂವಿಜ್ಞಾನಿಗಳು ಕಾಂತಕ್ಷೇತ್ರದ ಏರಿಳಿತವನ್ನು ಅಳೆಯುತ್ತಾರೆ. ನಮ್ಮಲ್ಲಿ ಭೂಮಿಯ ಕ್ಷೇತ್ರ 40,000 ನ್ಯಾನೊಟೆಸ್ಲಾಕ್ಕೆ ಮಿಕ್ಕದ್ದು. ಹುಡುಕುವ ವ್ಯತ್ಯಾಸವಾದರೋ ಅದರ ಅಲ್ಪಾಂಶ. ಸೂರ್ಯನ ಪ್ರಭಾವದಿಂದಲೇ ಕ್ಷೇತ್ರವು ಹಗಲಿನಲ್ಲಿ ಹತ್ತಾರು ನ್ಯಾನೊಟೆಸ್ಲಾಗಳಷ್ಟು ಕದಲುತ್ತದೆ. ಬೇಸಿಗೆಯ ಬಿಸಿಲಿಗೆ ಫ್ಲಕ್ಸ್‌ಗೇಟ್ ಯಂತ್ರದ ಸೊನ್ನೆಯೂ ಸರಿಯುವುದು. ಪ್ರೋಟಾನ್ ಮಾದರಿಯ ಯಂತ್ರಕ್ಕೆ ಈ ದೋಷ ಬಹುಮಟ್ಟಿಗೆ ಇಲ್ಲ. ಆದರೆ ಹಿಡಿದವನ ಸೊಂಟದ ಕಬ್ಬಿಣದ ಕೀಲಿಗೊಂಚಲಿಗೆ ಅದೂ ಮೋಸ ಹೋಗುತ್ತದೆ!

ಈ ವಿಷಯದಲ್ಲಿ ನಮ್ಮ ಜಿಲ್ಹೆಯು ಒಂದು ಕಾಲಕ್ಕೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದೆಂದಾಗ, ಕೊಲಾಬಾ ವೇಧಶಾಲೆಯ ಕಾಂತಯಂತ್ರಗಳು ಕೆಡುವುವೆಂದು ಮೊದಲೇ ಅರಿತು, ಕಾಂತಗುಣವಿಲ್ಲದ ಸಾಮಗ್ರಿಯಿಂದ ಅಲೀಬಾಗದಲ್ಲಿ ಹೊಸ ವೇಧಶಾಲೆಯನ್ನು ಕಟ್ಟಿದರು. ಅಷ್ಟಕ್ಕೇ ತೃಪ್ತರಾಗದೆ 1904ರಿಂದ 1906ರ ವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಹಳೆಯ ಅಂಕಿಗೂ ಹೊಸ ಅಂಕಿಗೂ ಸಂಬಂಧವನ್ನು ಕಂಡುಕೊಂಡರು. ಇಂದಿನ ಆದಿತ್ಯ-ಎಲ್1 ನೌಕೆಯಲ್ಲಿಯೂ, ನೌಕೆಯ ಸ್ವಂತ ಕಾಂತತ್ವವನ್ನು ಕಳೆಯುವುದಕ್ಕಾಗಿ, 6 ಮೀಟರ್ ಉದ್ದದ ತೋಳಿನ ಮೇಲೆ ಬೇರೆ ಬೇರೆ ದೂರದಲ್ಲಿ ಎರಡು ಸಂವೇದಕಗಳನ್ನಿರಿಸಿದ್ದಾರೆ. ಆ ಉಪಕರಣ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ.

ಅಲ್ಲಿ ಆಗುವುದು ವಿಜಯಪುರ ಜಿಲ್ಹೆಯಲ್ಲಿ ಏಕಾಗದು? ಪರೀಕ್ಷೆಯಾದರೂ ಕಠಿಣವಲ್ಲ. ಫ್ಲಕ್ಸ್‌ಗೇಟ್ ಸಂವೇದಕವನ್ನು ಒಂದೇ ಸ್ಥಳದಲ್ಲಿ ಮಟ್ಟವಾಗಿಟ್ಟು, ಮೊದಲು ಪೂರ್ವಕ್ಕೂ ಅನಂತರ ಪಶ್ಚಿಮಕ್ಕೂ ತಿರುಗಿಸಿ ಓದತಕ್ಕದ್ದು. ಎರಡು ಅಂಕಿಗಳು ಸಮವಾಗಿದ್ದು ಚಿಹ್ನೆ ಮಾತ್ರ ವಿರುದ್ಧವಾಗಿರಬೇಕು; ಹಾಗಾಗದಿದ್ದರೆ ಅವುಗಳ ಮೊತ್ತದ ಅರ್ಧವೇ ಸೊನ್ನೆಯ ದೋಷ. ಅಳತೆಯ ಪ್ರಮಾಣವನ್ನು ನೋಡಲು, ಲೆಕ್ಕದಿಂದ ತಿಳಿದ ಕ್ಷೇತ್ರವನ್ನು ಕೊಡುವ ತಂತಿಸುರುಳಿಗಳ ಜೋಡಿ ಸಾಕು.

ಆದುದರಿಂದ ಅಂತರ್ಜಲ ಇಲಾಖೆಯವರಲ್ಲಿ ನಮ್ಮ ಬೇಡಿಕೆಯಿಷ್ಟು: ಈ ನಾಲ್ಕು ತಾಲೂಕುಗಳಲ್ಲಿ ರೈಲುಹಾದಿ, ವಿದ್ಯುತ್ತಂತಿಗಳಿಂದ ದೂರವಾಗಿ, ಕಬ್ಬಿಣವಿಲ್ಲದ ಒಂದೊಂದು ಕಂಬವನ್ನು ನೆಡಿಸಲಿ, ಅಲ್ಲಿಯ ಕ್ಷೇತ್ರವನ್ನು ಪ್ರೋಟಾನ್ ಯಂತ್ರದಿಂದ ಕಾಲಕಾಲಕ್ಕೆ ಅಳೆದು ಪ್ರಕಟಿಸಲಿ. ಮೋಜಣಿಗೆ ಬರುವವನು ಮುಂಜಾನೆ ಹೊಲಕ್ಕೆ ಹೋಗುವ ಮುನ್ನವೂ ಸಂಜೆ ಮರಳುವಾಗಲೂ ಅಲ್ಲಿ ತನ್ನ ಯಂತ್ರವನ್ನು ನೋಡಿ, ಆ ಎರಡೂ ಅಂಕಿಗಳನ್ನು ವರದಿಯ ಮೊದಲ ಪುಟದಲ್ಲಿ ಬರೆದು ರೈತನ ಕೈಗೆ ಕೊಡತಕ್ಕದ್ದು. ಅಂಕಿಗಳಿಲ್ಲದ ವರದಿಗೆ ರೈತರು ಹಣ ಕೊಡದಿರಲಿ.