ತಟ್ಟೆ ಕಸಿಯಬೇಡಿ, ಕೇಳಲು ಕಲಿಸಿ



ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ಊರುಗಳ ನಮ್ಮ ಸಮಾಜದಲ್ಲಿ ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ಈಗ ಸಾಕಷ್ಟಿವೆ. ಮೊಮ್ಮಕ್ಕಳನ್ನು ನೋಡಲು ಹೊರಟ ಹಿರಿಯರು ಕಡಕ ರೊಟ್ಟಿ, ಶೇಂಗಾ ಹಿಂಡಿ, ಮೆತಕೂಟ ಕಟ್ಟಿಕೊಂಡು ಹೋಗುತ್ತಾರೆ. ನಾವೂ ಹಾಗೆಯೇ ಹೋದೆವು. ವಿಮಾನದಲ್ಲಿ ಜೈನ ಊಟವೆಂದು ಮೊದಲೇ ಹೇಳಿದರೆ ಅದನ್ನೂ ಕೊಡುತ್ತಾರೆ. ಆದರೆ ಹಾದಿಯ ಊಟ ಒಂದು ದಿನದ್ದು. ಅಲ್ಲಿ ಬೆಳೆಯುವ ಮಕ್ಕಳ ಊಟ ದಿನನಿತ್ಯದ್ದು. ನಮ್ಮಿಂದ ಆದ ಒಂದು ತಪ್ಪನ್ನು ಈ ಸಲ ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಮಗ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿದ್ದಾನೆ. ಅಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಹಳೆಯ ಚರ್ಚೊಂದನ್ನು ಜಿನಮಂದಿರ ಮಾಡಿದ್ದಾರೆ. 1988ರಲ್ಲಿ ಪ್ರತಿಷ್ಠೆಯಾಯಿತು. ದಿಗಂಬರ, ಶ್ವೇತಾಂಬರ ಇಬ್ಬರಿಗೂ ಒಂದೇ ಸೂರು. ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿಗಳ ಶಾಕಾಹಾರಿ ಹೊಟೇಲುಗಳಿವೆ. ಆದರೂ ಮಕ್ಕಳು ಶಾಲೆಯ ಗೆಳೆಯರು ಹೋಗುವ ಹೊಟೇಲಿಗೇ ಹೋಗೋಣ ಎನ್ನುತ್ತವೆ. ಅದು ಮಕ್ಕಳ ಸಹಜ ಗುಣ.

ಒಂದು ಭಾನುವಾರ ಅಂಥ ಹೊಟೇಲಿಗೆ ಹೋದೆವು. ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಮೂರು. ಮಾಂಸವಿಲ್ಲದ, ತತ್ತಿಯಿಲ್ಲದ ಊಟವನ್ನೇ ಕೇಳಿ ತರಿಸಿದೆವು. ಊಟವಾದ ಮೇಲೆ, ಮಕ್ಕಳಿಗೆಂದು ಜೊತೆಯಲ್ಲೇ ಬರುವ ಕೆಂಪು ಜೆಲ್ಲಿಯನ್ನು ಬಡಿಸುವವಳು ತಂದಿಟ್ಟಳು. ಮೊಮ್ಮಗಳು ಎರಡು ಚಮಚೆ ತಿಂದಿದ್ದಳು. ಮಗ ಸಂಶಯದಿಂದ ವಿಚಾರಿಸಿದ. ಅದರಲ್ಲಿ ಜಿಲೆಟಿನ್ ಇತ್ತು. ಜಿಲೆಟಿನ್ ಎಂದರೆ ದನದ ಅಥವಾ ಹಂದಿಯ ಚರ್ಮ, ಎಲುಬುಗಳನ್ನು ಕುದಿಸಿ ತೆಗೆದ ಅಂಟು.

ನಮಗೆ ಸಿಟ್ಟು ನೆತ್ತಿಗೇರಿತು. ಮಗುವಿನ ಮುಂದಿನ ಬಟ್ಟಲು ಕಸಿದು, "ಉಗುಳು!" ಎಂದು ಕೂಗಿದೆವು. ಹೊಟೇಲೆಲ್ಲ ತಿರುಗಿ ನೋಡಿತು. ಮಗು ಅಳುತ್ತ ಮೇಜಿನ ಕೆಳಗೆ ಸೇರಿಕೊಂಡಿತು. ಮನೆಗೆ ಬಂದ ಮೇಲೆ ಸಣ್ಣ ದನಿಯಲ್ಲಿ ಕೇಳಿತು: "ಅಜ್ಜಾ, ನಾ ಈಗ ಕೆಟ್ಟ ಹುಡುಗಿ ಆದೆನೇನು?" ನಮ್ಮಲ್ಲಿ ಉತ್ತರ ಇರಲಿಲ್ಲ. ಸೊಸೆ ಮಾತ್ರ ಶಾಂತವಾಗಿ ಹೇಳಿದಳು: "ಮಾಮಾ, ಆಕಿಗಿ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಹಂಗಾದ್ರ ತಪ್ಪು ಯಾರದು?"

ಎರಡು ದಿನ ಬಿಟ್ಟು ಮಗುವಿನ ತಲೆದಿಂಬಿನ ಕೆಳಗೆ ಮಿಠಾಯಿಯ ಖಾಲಿ ಕಾಗದ ನಮ್ಮ ಮನೆಯವರಿಗೆ ಸಿಕ್ಕಿತು. ಗೆಳತಿ ಕೊಟ್ಟಿದ್ದನ್ನು ನಮಗೆ ಕಾಣದಂತೆ ತಿಂದಿದ್ದಳು. ನಮ್ಮ ಎದೆ ಧಸಕ್ಕೆಂದಿತು. ಮಗು ಮಿಠಾಯಿ ಬಿಡಲಿಲ್ಲ, ನಮಗೆ ಹೇಳುವುದನ್ನು ಬಿಟ್ಟಿತು. ಅಹಿಂಸೆಯನ್ನು ಕಾಯಲು ಹೋಗಿ ಸತ್ಯವನ್ನು ಕಳೆದೆವು. ಕ್ರೋಧವೂ ಕಷಾಯವೇ, ಭಾವಹಿಂಸೆಯೂ ಹಿಂಸೆಯೇ ಎಂದು ಪ್ರವಚನದಲ್ಲಿ ತಲೆದೂಗುವವರು ನಾವು. ದಶಲಕ್ಷಣ ಪರ್ವ ಮುಗಿದೊಡನೆ ಊರಿಗೆಲ್ಲ ಕ್ಷಮಾವಣಿಯ ಕಾರ್ಡು ಬರೆಯುವವರೂ ನಾವೇ. ಮನೆಯ ಆರು ವರ್ಷದ ಮಗುವಿನಿಂದ ಕ್ಷಮೆ ಕೇಳಲು ಮಾತ್ರ ನಮಗೆ ಮೂರು ದಿನ ಹಿಡಿಯಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ತೊಗರಿ ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋದಾಗ ರಾತ್ರಿ ಹತ್ತು ಗಂಟೆಗೆ ಖಾನಾವಳಿಯಲ್ಲಿ ಉಂಡದ್ದುಂಟು. ಪಲ್ಯದಲ್ಲಿ ಏನಿದೆ ಎಂದು ಕೇಳದೆಯೇ ಉಂಡದ್ದೂ ಉಂಟು. ಚೀಲದಿಂದ ಒಂದು ಮುಷ್ಟಿ ತೆಗೆದು ನೋಡದೆ ಮಾಲು ಕೊಳ್ಳದ ನಾವು ಊಟದ ವಿಷಯದಲ್ಲಿ ಕೇಳಲು ನಾಚಿದೆವು. ನಾವೇ ಮಾಡದ್ದನ್ನು ಮಗುವಿನಿಂದ ಹೇಗೆ ಬಯಸುವುದು?

ಪರದೇಶದಲ್ಲಿ ಕೇಳದೆ ಗತಿಯಿಲ್ಲ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ. ಅಲ್ಲಿ ಅಂಥ ಕಡ್ಡಾಯ ಚುಕ್ಕೆ ಇಲ್ಲ. ಇಂಗ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಒಂದು ಕಾಯ್ದೆಯಿದೆ. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಅಡಿಗೆಯಲ್ಲಿದ್ದರೂ ಹೊಟೇಲಿನವರು ಗಿರಾಕಿಗೆ ತಿಳಿಸಲೇಬೇಕು. ತತ್ತಿ, ಮೀನು, ಹಾಲು ಆ ಪಟ್ಟಿಯಲ್ಲಿವೆ. ಜಿಲೆಟಿನ್, ಉಳ್ಳಾಗಡ್ಡಿ, ಬಳ್ಳೊಳ್ಳಿ ಅದರಲ್ಲಿಲ್ಲ. ಅವುಗಳನ್ನು ನಾವೇ ಬಾಯಿಬಿಟ್ಟು ಕೇಳಬೇಕು. ಇಟಲಿಯ ಪಾರ್ಮೆಸಾನ್ ಚೀಜಿನಲ್ಲಿ ಹಾಲು ಒಡೆಯಲು ಕರುವಿನ ಜಠರದ ರಸ ಬಳಸುತ್ತಾರೆ. ಕೆಲವು ಅಂಗಡಿಗಳಲ್ಲಿ ಬಟಾಟೆಯ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ಇಲ್ಲವೆ ಮೀನು ಕರಿದ ಎಣ್ಣೆಯಲ್ಲಿ. ಕಂದಮೂಲದ ಪ್ರಶ್ನೆ ಒತ್ತಟ್ಟಿಗಿರಲಿ, ಬಟಾಟೆ ತಿನ್ನುವವರೂ ಎಣ್ಣೆ ಯಾವುದೆಂದು ಕೇಳಬೇಕು.

ಕೇಳಿದ್ದರಿಂದಲೇ ದೊಡ್ಡವರೂ ತಿದ್ದಿಕೊಂಡ ಉದಾಹರಣೆಯಿದೆ. ಅಮೆರಿಕೆಯಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನ್ನ ಬಟಾಟೆ ಫ್ರೈಗಳನ್ನು ಸಸ್ಯದ ಎಣ್ಣೆಯಲ್ಲಿ ಕರಿಯುವುದಾಗಿ 1990ರಲ್ಲಿ ಸಾರಿತ್ತು. ಅವುಗಳಲ್ಲಿ ದನದ ಮಾಂಸದ ರುಚಿದ್ರವ್ಯ ಇತ್ತೆಂಬುದು ಆಮೇಲೆ ಹೊರಬಿತ್ತು. 2001ರಲ್ಲಿ ಸಿಯಾಟಲ್‌ನಲ್ಲಿ ಭಾರತೀಯ ಮೂಲದ ವಕೀಲರೊಬ್ಬರು ದಾವೆ ಹೂಡಿದರು. ಕಂಪನಿ ಕ್ಷಮೆ ಕೇಳಿತು. 2002ರ ರಾಜಿಯಲ್ಲಿ ಒಂದು ಕೋಟಿ ಡಾಲರು ಕೊಡಲು ಒಪ್ಪಿತು.

ಇನ್ನು ರಾತ್ರಿಭೋಜನದ ಮಾತು. ಲೆಸ್ಟರ್‌ನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ! ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಕತ್ತಲೆ. ಸೊಸೆ ಚಳಿಗಾಲದಲ್ಲಿ ಶಾಲೆಯ ಬಾಗಿಲಿಗೇ ಡಬ್ಬಿ ಒಯ್ಯುತ್ತಾಳೆ, ಮಕ್ಕಳು ಕಾರಿನಲ್ಲೇ ಉಣ್ಣುತ್ತವೆ. ಹೊಟೇಲಿಗೆ ಹೋಗುವುದಿದ್ದರೆ ರಜೆಯ ದಿನ, ಮಧ್ಯಾಹ್ನ ಗದ್ದಲ ಏರುವ ಮೊದಲು. ಆಗ ಅಡಿಗೆಯವರಿಗೂ ನಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ.

ನಾವು ತಿರುಗಿ ಬರುವ ಮುಂಚೆ ಅದೇ ಹೊಟೇಲಿಗೆ ಮತ್ತೊಮ್ಮೆ ಹೋದೆವು. ಈ ಸಲ ಕೇಳುವ ಕೆಲಸವನ್ನು ಮೊಮ್ಮಗಳಿಗೇ ಒಪ್ಪಿಸಿದ್ದೆವು. ಮನೆಯಲ್ಲಿ ಮೂರು ದಿನ ನಾವು ಬಡಿಸುವವರಾಗಿ, ಆಕೆ ಗಿರಾಕಿಯಾಗಿ ಆಟ ಆಡಿದ್ದೆವು. ಬಡಿಸುವವಳು ಬಂದಾಗ ಮಗು ಎದ್ದು ನಿಂತು, ತನ್ನ ಇಂಗ್ಲಿಷಿನಲ್ಲಿ ಒಂದೊಂದನ್ನೂ ವಿಚಾರಿಸಿತು. ಆ ಬಾಯಿ ನಗುತ್ತ ಒಳಗೆ ಹೋಗಿ ಕೇಳಿ ಬಂದು, ಜೆಲ್ಲಿಯ ಬದಲು ಹಣ್ಣು ಹೆಚ್ಚಿಸಿ ತಂದಳು. ಮಗು ಮೊದಲ ಹೋಳನ್ನು ನಮ್ಮ ಬಾಯಿಗಿಟ್ಟಿತು. "ಅಜ್ಜಾ, ಇದು ನಡೀತದ, ನಾ ಕೇಳೀನಿ" ಎಂದಿತು.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಟೇಲಿಗೆ ಹೊರಡುವ ಮುನ್ನ ಮಗುವಿನ ಹೊಟ್ಟೆಗೆ ಮನೆಯದು ಸ್ವಲ್ಪ ಹಾಕಿರಿ, ಹಸಿದ ಮಗು ಕಾಯಲಾರದು. ಬೇಡ ಎನ್ನುವಾಗ ಏಕೆ ಬೇಡವೆಂದು ಒಂದು ಮಾತಿನಲ್ಲಿ ತಿಳಿಸಿರಿ. ತಿಳಿಯದೆ ತಿಂದರೆ ಗದರಿಸದೆ, ಮುಂದಿನ ಸಲ ಕೇಳೋಣ ಎನ್ನಿರಿ. ನಾವು ಎಲ್ಲ ಕಾಲಕ್ಕೂ ಅವರ ತಟ್ಟೆಯ ಪಕ್ಕದಲ್ಲಿ ಕುಳಿತಿರಲಾರೆವು. ಕೇಳುವ ರೂಢಿ ಅವರ ಜೊತೆ ಇರುತ್ತದೆ.

ಜಯ ಜಿನೇಂದ್ರ.