ನಾಲ್ಕು ಅಕ್ಷರ, ಆರು ಉಚ್ಚಾರ

ಓ, ಯು, ಜಿ, ಎಚ್ – ಈ ನಾಲ್ಕು ಅಕ್ಷರಗಳು ಇಂಗ್ಲಿಷಿನಲ್ಲಿ ಒಟ್ಟಾಗಿ ಬಂದರೆ ಹೇಗೆ ಓದಬೇಕು? ‘ಆದರೂ’ ಎನ್ನುವಾಗ ದೋ, ‘ಮೂಲಕ’ ಎನ್ನುವಾಗ ಥ್ರೂ, ಕೆಮ್ಮಾದರೆ ಕಾಫ್, ಒರಟಾದರೆ ರಫ್, ಮರದ ಕೊಂಬೆಯಾದರೆ ಬೌ, ವಿಚಾರವಾದರೆ ಥಾಟ್. ನಾಲ್ಕು ಅಕ್ಷರಕ್ಕೆ ಆರು ಉಚ್ಚಾರ! ಇಂಥ ಶಬ್ದಗಳನ್ನೆಲ್ಲ ಒಂದೇ ಪಟ್ಟಿಗೆ ತುರುಕಿ, ಎದುರಿಗೆ ಅರ್ಥ ಬರೆಸಿ, ನಾಳೆಗೆ ಬಾಯಿಪಾಠ ಮಾಡಿಕೊಂಡು ಬಾ ಎಂದು ಏಳೆಂಟು ವರ್ಷದ ಮಗುವನ್ನು ಮನೆಗೆ ಕಳಿಸುತ್ತೇವೆ. ಇದಕ್ಕೆ ಇಂಗ್ಲಿಷ್ ಕಲಿಸುವುದು ಎಂದು ಹೆಸರು. ಇದು ಕಲಿಕೆಯಲ್ಲ, ಶಿಕ್ಷೆ ಎಂಬುದು ನನ್ನ ವಾದ.

ಶಿರಸಿ–ಸಿದ್ದಾಪುರ ರಸ್ತೆಯ ಮೇಲಿರುವ ನಮ್ಮ ಕಾನಸೂರಿನಲ್ಲಿ ಕೊಯ್ಲಿನ ಕಾಲಕ್ಕೆ ಸಂಜೆಯಾದರೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಪಕ್ಕದಲ್ಲಿ ಪಟ್ಟಿ ಹಿಡಿದ ಮಗು. ನೆರೆಮನೆಯ ಹುಡುಗಿಯೊಬ್ಬಳು ತಾಯಿಯನ್ನು ಕೇಳುತ್ತಿದ್ದಳು: “ಆಯಿ, ಕೆ ಬರೆಯವು, ಆದ್ರೆ ಓದಲಾಗ, ಅದೆಂತಕ್ಕೆ?” ಎಂಥ ಒಳ್ಳೆಯ ಪ್ರಶ್ನೆ! ಆದರೆ ಪಟ್ಟಿಯಲ್ಲಿ ಪ್ರಶ್ನೆಗೆ ಜಾಗವಿಲ್ಲ. ಚಾಕುವಿಗೆ ನೈಫ್, ಮೊಣಕಾಲಿಗೆ ನೀ, ಗಂಟಿಗೆ ನಾಟ್. ಎಲ್ಲದಕ್ಕೂ ಮೊದಲು ಒಂದು ಮೂಕ ಕೆ. ಬರೆ, ಒಪ್ಪಿಸು, ಮುಗಿಯಿತು.

ಉತ್ತರವೇನೋ ಇದೆ. ಆ ಕೆ ಹಿಂದೆ ಮೂಕವಾಗಿರಲಿಲ್ಲ; ಇಂಗ್ಲೆಂಡಿನ ಜನ ಅದನ್ನು ಉಚ್ಚರಿಸುತ್ತಿದ್ದರು. ಜಿ–ಎಚ್ ಜೋಡಿಯೂ ಗಂಟಲಿನಿಂದ ಹೊರಡುವ ಹಕಾರದಂಥ ಧ್ವನಿಯಾಗಿತ್ತು. ಕೆಲವು ಶಬ್ದಗಳಲ್ಲಿ ಅದು ಅಳಿಯಿತು, ಕೆಲವರಲ್ಲಿ ಎಫ್ ಆಯಿತು. ಕ್ಯಾಕ್ಸ್‌ಟನ್ 1476ರಲ್ಲಿ ಅಲ್ಲಿ ಅಚ್ಚುಕೂಟ ತೆರೆದ ಮೇಲೆ ಬರವಣಿಗೆ ಬರಬರುತ್ತ ಗಟ್ಟಿಯಾಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಸಾಲಕ್ಕೆ ಹೇಳುವ ‘ಡೆಟ್’ ಎಂಬ ಶಬ್ದದ ಬಿ ಅಂತೂ, ಲ್ಯಾಟಿನ್ ಮೂಲ ತೋರಿಸಬೇಕೆಂಬ ಹಟಕ್ಕೆ ಪಂಡಿತರು ಆಮೇಲೆ ತುರುಕಿದ್ದು. ಅಮೆರಿಕದವರು ಬೇಸತ್ತು ನೇಗಿಲಿನ ‘ಪ್ಲೌ’ ಶಬ್ದದ ಬಾಲವನ್ನೇ ಕತ್ತರಿಸಿ ಸಣ್ಣದು ಮಾಡಿಕೊಂಡರು. ಅವರ ಭಾಷೆಯ ತೊಡಕು ನಮ್ಮ ಮಗುವಿನ ದಡ್ಡತನವಲ್ಲ ಎಂದು ಹೇಳುವುದಕ್ಕೆ ಇಷ್ಟು ಸಾಕಲ್ಲವೇ?

ಇನ್ನೂ ಒಂದು ಮಾತು. ಆ ಪಟ್ಟಿ ಮಗುವಿನ ಪರೀಕ್ಷೆಯೇ ಅಲ್ಲ, ತಾಯಿಯ ಪರೀಕ್ಷೆ. ಇಂಗ್ಲಿಷ್ ಬಲ್ಲ ತಾಯಿ ಓದಿಸುತ್ತಾಳೆ, ದುಡ್ಡಿರುವವಳು ಟ್ಯೂಷನ್ನಿಗೆ ಕಳಿಸುತ್ತಾಳೆ. ದಿನವಿಡೀ ತೋಟದಲ್ಲಿ ದುಡಿದು ಬಂದವಳು ಏನು ಮಾಡಬೇಕು? “ಮನೆಯಲ್ಲಿ ಸ್ವಲ್ಪ ಗಮನ ಕೊಡಿ” ಎಂಬ ಮಾತು ಬರುವುದೂ ಅಪ್ಪನ ಕಿವಿಗಲ್ಲ, ಅವಳ ಕಿವಿಗೇ. ಮಗುವಿನ ಎದುರಿಗೆ ತಾಯಿಯನ್ನು ಚಿಕ್ಕವಳಾಗಿಸುವ ಪಾಠ ಎಷ್ಟು ಇಂಗ್ಲಿಷ್ ಕೊಟ್ಟರೂ ದುಬಾರಿಯೇ.

ಹಿಂದಿನವರು ಅಮರಕೋಶ ಉರು ಹೊಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಹೊಡೆದರು. ಆದರೆ ಅಮರಸಿಂಹ ಶಬ್ದಗಳನ್ನು ಬಹುಪಾಲು ಜೋಡಿಸಿದ್ದು ಅರ್ಥದಿಂದ: ಸ್ವರ್ಗ, ದಿಕ್ಕು, ಭೂಮಿ, ವನ, ಮನುಷ್ಯ. ಕೊನೆಯ ವ್ಯಂಜನ ನೋಡಿ ಜೋಡಿಸಿದ ನಾನಾರ್ಥವರ್ಗ ಬರುವುದು ಮೂರನೆಯ ಕಾಂಡದಲ್ಲಿ. ನಾವು ಆ ಕೊನೆಯದನ್ನೇ ಒಂದನೆಯ ಈಯತ್ತೆಗೆ ತಂದು ಕೂರಿಸಿದ್ದೇವೆ.

ಅಕ್ಷರ ಹೋಲುವ ಶಬ್ದಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ‘ಟೆಲಿ’ ಎಂದರೆ ದೂರ ಎಂದು ಗೊತ್ತಾದರೆ ಟೆಲಿಫೋನು, ಟೆಲಿವಿಷನ್ನು, ಟೆಲಿಸ್ಕೋಪು ಮೂರೂ ಒಟ್ಟಿಗೆ ಒಲಿಯುತ್ತವೆ. ಅಲ್ಲಿ ಹೋಲಿಕೆ ಅರ್ಥವನ್ನೂ ಹೊತ್ತು ತರುತ್ತದೆ. ಕೆಮ್ಮಿಗೂ ಕೊಂಬೆಗೂ ಏನು ಸಂಬಂಧ?

ನಮ್ಮ ಅಂಗಳದಲ್ಲೇ ಎಷ್ಟು ಇಂಗ್ಲಿಷ್ ಬಿದ್ದಿದೆ ನೋಡಿ. ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ’. ಅದು ಮಲಯಾಳಂ ಶಬ್ದವೊಂದರಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಗೆ ಹೋದದ್ದು. ಆ ಶಬ್ದ ನಮ್ಮ ಅಡಿಕೆಯ ಒಡಹುಟ್ಟು. ಹಲಸಿನ ‘ಜಾಕ್’ ಮಲಯಾಳಂನ ಚಕ್ಕ. ‘ಟೀಕ್’ ನಮ್ಮ ತೇಗದ ಬಳಗ. ಅಡಿಕೆ ಸುಲಿಯುವ ತಾಯಿ ತನ್ನ ಕೈಯಲ್ಲಿರುವುದೇ ಆ ಶಬ್ದ ಎಂದು ತಿಳಿದರೆ, ಮಗುವಿನ ಮುಂದೆ ತಲೆ ತಗ್ಗಿಸಬೇಕಾದ ಕಾರಣವೇನು?

ಮಾಧ್ಯಮ ಯಾವುದಿರಬೇಕೆಂದು 1994ರ ಸರ್ಕಾರಿ ಆದೇಶದಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಇಪ್ಪತ್ತು ವರ್ಷ ಜಗಳವಾಡಿದೆವು. 2007ರಿಂದ ಕನ್ನಡ ಶಾಲೆಗಳ ಒಂದನೆಯ ತರಗತಿಗೂ ಇಂಗ್ಲಿಷ್ ಬಂತು. ಹೇಗೆ ಕಲಿಸಬೇಕೆಂಬುದಕ್ಕೆ ಅದರ ಕಾಲು ಭಾಗ ಜಗಳವಾಡಿದ್ದನ್ನೂ ನಾನು ಕೇಳಿಲ್ಲ. ದಾರಿಯೇ ಇಲ್ಲವೆಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ–ಕಲಿ, ಹಳ್ಳಿಯ ಮಕ್ಕಳೂ ಆಡುತ್ತ, ಹಾಡುತ್ತ, ತಮ್ಮ ವೇಗದಲ್ಲಿ ಕಲಿಯಬಲ್ಲರೆಂದು ತೋರಿಸಿಕೊಟ್ಟಿತು.

ಆದ್ದರಿಂದ ಅಕ್ಕತಂಗಿಯರೇ, ಮುಂದಿನ ಪಾಲಕರ ಸಭೆಗೆ ಹೋದಾಗ ಮಗುವಿನ ಮಾರ್ಕು ಕೇಳಿ ಸುಮ್ಮನೆ ಎದ್ದು ಬರಬೇಡಿ. ಇಪ್ಪತ್ತು ಶಬ್ದದ ಪಟ್ಟಿಯ ಬದಲು ನಾಲ್ಕೇ ಶಬ್ದ ಕೊಡಿ, ಆದರೆ ಆ ನಾಲ್ಕರಲ್ಲಿ ನಮ್ಮ ಮಗು ತನ್ನ ಮಾತು ಹೇಳುವಂತಾಗಲಿ ಎಂದು ಕೇಳಿ. ಕೇಳುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ಕನ್ನಡದಲ್ಲೇ ಕೇಳಿ, ಸ್ವಲ್ಪ ಗಟ್ಟಿಯಾಗಿಯೇ ಕೇಳಿ.